ಪಾಠ ಮಾಡುವಾಗ ನಾವು ಹೇಗಿರುತ್ತೇವೆ ಅಂತ ನಮಗೇ ಗೊತ್ತಾಗುವುದು ಹೇಗೆ?

ವಿಕ್ರೋಲಿ ಟೀಚರ್

ಎಲ್ಲರಿಗೂ ನಮಸ್ಕಾರ. ಮುಂಬಯಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿಸುವವರು, ಕಲಿಸಿ ನಿವೃತ್ತರಾದವರು, ಕಲಿತವರು ಇಲ್ಲಿ ತುಂಬ ಜನ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಶಾಲೆಯ ಒಬ್ಬ ಟೀಚರ್ "ನನ್ನ ಕ್ಲಾಸಿಗೆ ಬಂದು ಕೂತು ನೋಡಿ, ಏನು ಕಂಡರೂ ಹೇಳಿ" ಅಂದರು. ಒಳ್ಳೆಯ ಟೀಚರ್ ಅವರು, ಮಕ್ಕಳಿಗೆ ಅವರೆಂದರೆ ಇಷ್ಟ. ಹಿಂದಿನ ಬೆಂಚಿನಲ್ಲಿ ಕೂತೆ. ಆರನೇ ತರಗತಿ, ವಿಜ್ಞಾನ, ನೀರು ಆವಿಯಾಗುವ ಪಾಠ. ಅವರು ಕೇಳಿದ ಪ್ರಶ್ನೆ ಎಷ್ಟು ಚೆನ್ನಾಗಿತ್ತು ನೋಡಿ: "ಮಳೆಗಾಲದಲ್ಲಿ ಚಾಳಿನ ಗ್ಯಾಲರಿಯಲ್ಲಿ ಒಣಹಾಕಿದ ಬಟ್ಟೆ ಎರಡು ದಿನವಾದರೂ ಯಾಕೆ ಒಣಗಲ್ಲ?" ಗ್ಯಾಲರಿ ಅಂದರೆ ಮಳೆ ಬೀಳದ ಜಾಗ. ಹಾಗಾಗಿ ಮಕ್ಕಳು ನಿಜವಾಗಿ ಯೋಚನೆ ಮಾಡಬೇಕು.

ನನ್ನ ಪಕ್ಕದ ಬೆಂಚಿನಲ್ಲಿ ಯಾದಗಿರಿ ಕಡೆಯ ಒಂದು ಹುಡುಗಿ. ಅವಳ ತುಟಿ ಅಲುಗಿತು. ಕೈ ಗಲ್ಲದವರೆಗೆ ಬಂತು. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗ "ಬಿಸಿಲು ಇಲ್ಲ ಟೀಚರ್" ಅಂದ. ಟೀಚರ್ "ಹೌದು" ಅಂದರು, ಪಾಠ ಮುಂದಕ್ಕೆ ಹೋಯಿತು, ಹುಡುಗಿಯ ಕೈ ಕೆಳಗಿಳಿಯಿತು. ಬಿಡುವಿನಲ್ಲಿ ಅವಳನ್ನು ಕೇಳಿದೆ, ಏನು ಹೇಳಬೇಕು ಅಂತಿದ್ದೆ ಅಂತ. "ಗಾಳ್ಯಾಗ ಮೊದ್ಲ ನೀರು ತುಂಬೇತ್ರೀ ಟೀಚರ್. ಅರಿವ್ಯಾಗಿನ ನೀರು ಎಲ್ಲಿ ಹೋಗಬೇಕು?" ಅಂದಳು. ಗಾಳಿಯ ತೇವಾಂಶದ ಪೂರ್ತಿ ಪಾಠ ಆ ಮಗುವಿನ ಬಾಯಲ್ಲಿತ್ತು, ಕ್ಲಾಸಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಆ ಟೀಚರ್‌ಗೆ ಇದನ್ನು ಹೇಳಿದಾಗ ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ನಾನು ಸಾಕಷ್ಟು ಹೊತ್ತು ಕಾದೆನಲ್ಲ?" ಅಂದರು. ಅವರ ಲೆಕ್ಕದಲ್ಲಿ ಅವರು ಕಾದಿದ್ದರು. ಹಿಂದೆ ಕೂತ ನನಗೆ ಅದು ಕಣ್ಣು ಮಿಟುಕಿಸುವಷ್ಟೂ ಹೊತ್ತಲ್ಲ.

ಅಂದಿನಿಂದ ಇದೇ ತಲೆಯಲ್ಲಿದೆ. ತರಬೇತಿಗೆ ಹೋದಾಗಲೆಲ್ಲ ಸ್ವ-ಅರಿವು, ಸ್ವ-ಅರಿವು ಅಂತ ಹೇಳುತ್ತಾರೆ. ಕಣ್ಣು ಮುಚ್ಚಿ ಕೂರಿಸಿ ಉಸಿರು ಗಮನಿಸಿ ಅನ್ನುತ್ತಾರೆ. ಅದು ಬೇಡ ಅಂತಲ್ಲ. ಆದರೆ ಪಾಠ ನಡೆಯುವಾಗ ನನ್ನ ಕಣ್ಣು ಎಲ್ಲಿರುತ್ತದೆ, ಯಾರನ್ನು ಕೇಳುತ್ತೇನೆ, ಎಷ್ಟು ಹೊತ್ತು ಕಾಯುತ್ತೇನೆ, ಯಾವಾಗ ದನಿ ಏರುತ್ತದೆ ಅನ್ನುವುದು ಗೊತ್ತಾಗಬೇಕಲ್ವಾ? ದಿನವೂ ಯಾರೂ ಹಿಂದೆ ಬಂದು ಕೂರುವುದಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಮುಲುಂಡ್ ಮಾಸ್ತರ್ (ನಿವೃತ್ತ)

ಟೀಚರ್, ನೀವು ಕಂಡದ್ದನ್ನು ಅಮೆರಿಕದಲ್ಲಿ ಮೇರಿ ಬಡ್ ರೋ ಅನ್ನುವವರು 1970ರ ಸುಮಾರಿಗೇ ಕಂಡಿದ್ದರು. ವಿಜ್ಞಾನದ ಪಾಠಗಳನ್ನು ಟೇಪ್‌ನಲ್ಲಿ ಹಿಡಿದು, ಪ್ರಶ್ನೆ ಮುಗಿದ ಮೇಲೆ ಟೀಚರ್ ಎಷ್ಟು ಹೊತ್ತು ಸುಮ್ಮನಿರುತ್ತಾರೆ ಅಂತ ಅಳೆದರು. ಸರಾಸರಿ ಬಂದದ್ದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಯಿತು, "ಗೊತ್ತಿಲ್ಲ" ಅನ್ನುವುದು ಕಡಿಮೆಯಾಯಿತು, ಯಾವತ್ತೂ ಬಾಯಿ ಬಿಡದವರು ಮಾತಾಡತೊಡಗಿದರು.

ಇದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಟೀಚರ್ ಎಲ್ಲರಿಗೂ ಒಂದೇ ಸಮ ಕಾಯುವುದಿಲ್ಲ. ಜಾಣ ಅಂತ ಯಾರನ್ನು ಅಂದುಕೊಂಡಿದ್ದಾರೋ ಅವರಿಗೆ ಜಾಸ್ತಿ ಹೊತ್ತು. ದಡ್ಡ ಅಂದುಕೊಂಡವರಿಗೆ ಕಡಿಮೆ. ಯಾರಿಗೆ ಹೆಚ್ಚು ಸಮಯ ಬೇಕೋ ಅವರಿಗೇ ಕಡಿಮೆ ಸಿಗುತ್ತದೆ. ಯಾವ ಟೀಚರೂ ಬೇಕು ಅಂತ ಹೀಗೆ ಮಾಡುವುದಿಲ್ಲ. ಗೊತ್ತಾಗದೇ ಆಗುತ್ತದೆ.

ಇನ್ನೊಂದು ಕಾಯುವಿಕೆ ಇದೆ, ಅದನ್ನು ನಾವು ಪೂರ್ತಿ ಮರೆಯುತ್ತೇವೆ. ಮಗು ಉತ್ತರ ಹೇಳಿದ *ಮೇಲೆ* ಕಾಯುವುದು. "ಬಿಸಿಲು ಇಲ್ಲ" ಅಂದ ತಕ್ಷಣ "ಹೌದು" ಅಂದರೆ ಬಾಗಿಲು ಮುಚ್ಚಿತು. ಏನೂ ಹೇಳದೆ ಸುಮ್ನೆ ನಿಂತರೆ ಆ ಹುಡುಗನೇ ಮುಂದಕ್ಕೆ ಹೇಳಬಹುದು, ಇಲ್ಲವೇ ನಿಮ್ಮ ಯಾದಗಿರಿಯ ಹುಡುಗಿಗೆ ದಾರಿ ಸಿಗಬಹುದು.

ನಾನು ಮಾಡುತ್ತಿದ್ದದ್ದು ಇಷ್ಟೇ. ಪ್ರಶ್ನೆ ಕೇಳಿ ಸೀಮೆಸುಣ್ಣವನ್ನು ಮೇಜಿನ ಮೇಲೆ ಇಡುತ್ತಿದ್ದೆ. ಕಿಟಕಿಯ ತನಕ ನಡೆಯುತ್ತಿದ್ದೆ. ತಿರುಗಿ ಬರುವಾಗ ಮುಂದಿನ ಬೆಂಚು ಬಿಟ್ಟು ಮೂಲೆಗಳನ್ನು ನೋಡುತ್ತಿದ್ದೆ. ಕಾಲಿಗೆ ಕೆಲಸ ಕೊಟ್ಟರೆ ಬಾಯಿ ತಾನಾಗಿ ಸುಮ್ಮನಿರುತ್ತದೆ.

ಡೊಂಬಿವಲಿ ಗಣಿತ

ಎಲ್ಲರ ಮೇಲೂ ಗೌರವ ಇಟ್ಟುಕೊಂಡೇ ಒಂದು ಮಾತು. ನಾನು ಒಂಬತ್ತು, ಹತ್ತನೇ ತರಗತಿಗೆ ಗಣಿತ ಹೇಳುತ್ತೇನೆ. ಪಿರಿಯಡ್ 35 ನಿಮಿಷ. ಹಾಜರಿ, ಹೋಂವರ್ಕ್ ನೋಡುವುದು ಮುಗಿದರೆ ಉಳಿಯುವುದು ಎಷ್ಟು ಅಂತ ನಿಮಗೇ ಗೊತ್ತು. ನಡುವೆ ಚುನಾವಣೆ ಕೆಲಸ, ಸರ್ವೆ ಕೆಲಸ, ಆನ್‌ಲೈನ್ ಮಾಹಿತಿ ತುಂಬುವುದು. ಟೀಚರ್ ಕಡಿಮೆ ಇದ್ದಾರೆ ಅಂತ ಎರಡು ತರಗತಿ ಸೇರಿಸಿ ಕೂರಿಸುತ್ತಾರೆ. ಶಿಕ್ಷಣ ಹಕ್ಕು ಕಾಯಿದೆಯಲ್ಲಿ ಪ್ರಾಥಮಿಕಕ್ಕೆ 30ಕ್ಕೊಬ್ಬರು, ಹಿರಿಯ ಪ್ರಾಥಮಿಕಕ್ಕೆ 35ಕ್ಕೊಬ್ಬರು ಅಂತ ಬರೆದಿದೆ. ಬರೆದದ್ದು ಬರೆದ ಹಾಗೆ ಎಲ್ಲ ಕಡೆ ಇದೆಯಾ?

ಇಂಥ ಹೊತ್ತಲ್ಲಿ "ಟೀಚರ್ ತನ್ನನ್ನು ತಾನು ಅರಿಯಬೇಕು" ಅಂದರೆ ನನಗೆ ಕೇಳಿಸುವುದು, ಮಕ್ಕಳು ಕಲಿಯದಿದ್ದರೆ ಅದು ನಿನ್ನ ತಪ್ಪು ಅಂತ. ಕೊಠಡಿ ಇಲ್ಲ, ಜನ ಇಲ್ಲ, ಸಮಯ ಇಲ್ಲ. ಅದಕ್ಕೆ ಉತ್ತರ ಕೊಡಬೇಕಾದವರು ಟೀಚರ್‌ಗೆ ಉಸಿರಾಟ ಕಲಿಸಿ ಕೈ ತೊಳೆದುಕೊಳ್ಳುತ್ತಾರೆ. ಇದು ನನ್ನ ಸಂಕಟ. ನಿಮ್ಮ ಮೇಲೆ ಸಿಟ್ಟಲ್ಲ ಟೀಚರ್.

ವಿಕ್ರೋಲಿ ಟೀಚರ್

ಸರ್, ನೀವು ಹೇಳಿದ್ದು ಒಂದಕ್ಷರವೂ ಸುಳ್ಳಲ್ಲ. ಆ ಜಗಳ ಆಡಬೇಕಾದ ಕಡೆ ಆಡೋಣ, ನಾನೂ ಬರುತ್ತೇನೆ. ಆದರೆ ಆ ಹುಡುಗಿಗೆ ಬೇಕಾಗಿದ್ದದ್ದು ಇನ್ನೆರಡು ಸೆಕೆಂಡ್. ಅದನ್ನು ಯಾವ ಇಲಾಖೆಯೂ ಕೊಡಲಾಗದು, ಯಾವ ಇಲಾಖೆಯೂ ತಡೆಯಲಾಗದು. ಅದು ನನ್ನ ಕೈಯಲ್ಲಿದೆ ಅನ್ನುವುದೇ ನನಗೆ ಧೈರ್ಯ.

ಥಾಣೆ ಬಿ.ಎಡ್.

ನಾನಿನ್ನೂ ಕಲಿಯುತ್ತಿರುವವಳು, ತಪ್ಪಿದ್ದರೆ ತಿದ್ದಿ. ಬಿ.ಎಡ್. ಎರಡು ವರ್ಷಕ್ಕೆ ಏರಿದಾಗ ಅದರಲ್ಲಿ "ತನ್ನನ್ನು ಅರಿಯುವುದು" ಅನ್ನುವ ಒಂದು ಕೋರ್ಸ್ ಸೇರಿಸಿದ್ದಾರೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮದಿಂದ ಬಂದದ್ದು. ನಮ್ಮಲ್ಲಿ ಹೆಚ್ಚಿನವರು ಅದರ ಜರ್ನಲ್ ಅನ್ನು ಕೊನೆಯ ವಾರ ಕೂತು ಬರೆಯುತ್ತಾರೆ. ಆ ಕೋರ್ಸ್‌ಗಿಂತ ನನಗೆ ಕಣ್ಣು ತೆರೆಸಿದ್ದು ಫ್ಲ್ಯಾಂಡರ್ಸ್ ಪಟ್ಟಿ.

ಹಿರಿಯರಿಗೆ ನೆನಪಿರಬಹುದು, ನಿಮ್ಮ ಬಿ.ಎಡ್.ನಲ್ಲೂ ಇತ್ತು. ಅಮೆರಿಕದ ಶಿಕ್ಷಣ ಸಂಶೋಧಕ ನೆಡ್ ಫ್ಲ್ಯಾಂಡರ್ಸ್ ತರಗತಿಯ ಮಾತನ್ನು ಹತ್ತು ಬಗೆ ಮಾಡಿದರು. ಏಳು ಬಗೆ ಟೀಚರ್ ಮಾತು, ಎರಡು ಮಕ್ಕಳ ಮಾತು, ಒಂದು ಮೌನ ಅಥವಾ ಗಲಾಟೆ. ಟೀಚರ್ ಮಾತಿನಲ್ಲೂ ಮಗುವಿನ ಭಾವನೆ ಒಪ್ಪುವುದು, ಹೊಗಳುವುದು, ಮಗು ಹೇಳಿದ್ದನ್ನು ಎತ್ತಿಕೊಂಡು ಬೆಳೆಸುವುದು, ಪ್ರಶ್ನೆ ಕೇಳುವುದು ಒಂದು ಕಡೆ. ಉಪನ್ಯಾಸ, ಆಜ್ಞೆ, ಬೈಗುಳ ಇನ್ನೊಂದು ಕಡೆ. ನೋಡುವವರು ಪ್ರತಿ 3 ಸೆಕೆಂಡಿಗೆ ಒಂದು ಅಂಕಿ ಬರೆಯಬೇಕು.

ಅವರು ಕಂಡದ್ದು ಮೂರರಲ್ಲಿ ಎರಡರ ಲೆಕ್ಕ. ಪಾಠದ ಹೊತ್ತಿನ ಮೂರರಲ್ಲಿ ಎರಡು ಭಾಗ ಯಾರೋ ಮಾತಾಡುತ್ತಿರುತ್ತಾರೆ. ಅದರ ಮೂರರಲ್ಲಿ ಎರಡು ಭಾಗ ಟೀಚರ್ ಮಾತು. ಅದರಲ್ಲೂ ಮೂರರಲ್ಲಿ ಎರಡು ಭಾಗ ಹೇಳುವುದು, ಆಜ್ಞೆ ಮಾಡುವುದು, ಬೈಯುವುದು.

ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿದ್ದೆ, ಏನೂ ಅನ್ನಿಸಿರಲಿಲ್ಲ. ಅಭ್ಯಾಸ ಪಾಠದಲ್ಲಿ ಫೋನನ್ನು ಮೇಜಿನ ಮೇಲಿಟ್ಟು ದನಿ ಹಿಡಿದು, ಮನೆಯಲ್ಲಿ ಅಂಕಿ ಹಾಕುತ್ತ ಕೂತಾಗಲೇ ಅದರ ಬಲ ಗೊತ್ತಾಯಿತು. ಮಗು ಹೇಳಿದ್ದನ್ನು ಎತ್ತಿಕೊಂಡು ಬೆಳೆಸುವ ಸಾಲು ಹೆಚ್ಚು ಕಡಿಮೆ ಖಾಲಿ. ಪಾಠದ ಯೋಜನೆಯಲ್ಲಿ ಎಷ್ಟು ಚೆಂದದ ಪ್ರಶ್ನೆಗಳನ್ನು ಬರೆದರೂ, ಬಂದ ಉತ್ತರದ ಜೊತೆ ನಾನು ಏನು ಮಾಡಿದೆ ಅನ್ನುವುದು ರೆಕಾರ್ಡಿಂಗ್‌ನಲ್ಲಿ ಮಾತ್ರ ಕೇಳಿಸುತ್ತದೆ.

ಡೊಂಬಿವಲಿ ಗಣಿತ

35 ನಿಮಿಷಕ್ಕೆ 3 ಸೆಕೆಂಡಿಗೊಂದು ಅಂದರೆ 700 ಗುರುತು ಆಯಿತಲ್ಲಮ್ಮ. ಸಂಸಾರ ಇರುವವರು ಯಾರು ಮಾಡುತ್ತಾರೆ?

ಥಾಣೆ ಬಿ.ಎಡ್.

ಅಷ್ಟೂ ಬೇಡ ಸರ್. ನಡುವಿನ ಐದು ನಿಮಿಷ ಆರಿಸಿಕೊಳ್ಳಿ, ನೂರು ಗುರುತು. ಹತ್ತು ಬಗೆಯೂ ಬೇಡ. ನಾನು, ಮಗು, ಮೌನ ಅಂತ ಮೂರೇ ಸಾಲು ಸಾಕು. ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕರೆ ಇಯರ್‌ಫೋನ್ ಹಾಕಿ ಅಲ್ಲೇ ಮುಗಿಸಬಹುದು.

ಸಯನ್‌ನ ಅವ್ವ

ನಾನು ಟೀಚರ್ ಅಲ್ಲ. ನನ್ನ ಮಗ ಕನ್ನಡ ಶಾಲೆಗೆ ಹೋಗುತ್ತಾನೆ. ನಾವು ಕಲಬುರಗಿ ಕಡೆಯವರು, ಕಟ್ಟಡ ಕೆಲಸಕ್ಕೆ ಬಂದವರು. ಇಲ್ಲಿ ಓದಿ ಒಂದು ಮಾತು ಹೇಳಬೇಕು ಅನ್ನಿಸಿತು.

ಮಗ ಮೂರನೇ ತರಗತಿಯಲ್ಲಿದ್ದಾಗ ಟೀಚರ್ "ನಿಮ್ಮ ತಾಯಿ ಎಲ್ಲಿ?" ಅಂತ ಕೇಳಿದರಂತೆ. ಅವನು "ನಮ್ಮವ್ವ ಕೆಲಸಕ್ಕ ಹೋಗ್ಯಾಳ್ರೀ" ಅಂದ. ಟೀಚರ್ ನಕ್ಕರು. ಕೆಟ್ಟ ಮನಸ್ಸಿನಿಂದ ಅಲ್ಲ, ಅವರಿಗೆ ಅದು ಮುದ್ದಾಗಿ ಕೇಳಿಸಿರಬೇಕು. ಅವರು ನಕ್ಕರು ಅಂತ ಕ್ಲಾಸೆಲ್ಲ ನಕ್ಕಿತು. "'ನನ್ನ ತಾಯಿ ಕೆಲಸಕ್ಕೆ ಹೋಗಿದ್ದಾರೆ' ಅಂತ ಹೇಳಬೇಕು, ಮೂರು ಸಲ ಹೇಳು" ಅಂದರಂತೆ. ಅವನು ಹೇಳಿದ. ಆಮೇಲೆ ಆ ವರ್ಷ ಪೂರ್ತಿ ಕ್ಲಾಸಿನಲ್ಲಿ ತಾನಾಗಿ ಮಾತಾಡಲಿಲ್ಲ. ಓಣಿಯಲ್ಲಿ ಹಿಂದಿ ಪಟಪಟ ಮಾತಾಡುತ್ತಾನೆ, ಮನೆಯಲ್ಲಿ ಬಾಯಿ ನಿಲ್ಲುವುದಿಲ್ಲ. ಶಾಲೆಯಲ್ಲಿ ಮಾತ್ರ ಮೂಕ.

ಪುಸ್ತಕದ ಕನ್ನಡ ಕಲಿಯಲೇಬೇಕು, ನನಗೂ ಅದು ಬೇಕು. ಅದಕ್ಕೇ ಕಳಿಸುತ್ತೇವೆ. ಆದರೆ ಟೀಚರ್‌ಗೆ ತನ್ನ ನಗು ಮಕ್ಕಳ ಮೇಲೆ ಏನು ಮಾಡುತ್ತದೆ ಅಂತ ಗೊತ್ತಿರಬೇಕಲ್ಲವೇನ್ರೀ.

ಇನ್ನೊಂದು. "ಇವರು ಜಾತ್ರೆಗೆ ಊರಿಗೆ ಹೋದರೆ ವಾಪಸ್ ಬರುವುದಿಲ್ಲ" ಅಂತ ಮೊದಲೇ ಅಂದುಕೊಂಡು ನಮ್ಮ ಮಕ್ಕಳನ್ನು ಹಿಂದೆ ಕೂರಿಸುತ್ತಾರೆ. ಮಕ್ಕಳಿಗೆ ಅದು ತಿಳಿಯುತ್ತದೆ.

ಮುಲುಂಡ್ ಮಾಸ್ತರ್ (ನಿವೃತ್ತ)

ತಾಯಿ, ನೀವು ಬರೆದದ್ದು ತುಂಬ ದೊಡ್ಡ ಉಪಕಾರ. ನಮ್ಮ ಶಾಲೆಗಳಲ್ಲಿ ಎಷ್ಟೋ ಟೀಚರ್‌ಗಳು ಉಡುಪಿ, ದಕ್ಷಿಣ ಕನ್ನಡದವರು. ಮನೆಯಲ್ಲಿ ತುಳು, ಕೊಂಕಣಿ. ಕನ್ನಡವನ್ನು ಶಾಲೆಯಲ್ಲಿ, ಪುಸ್ತಕದಿಂದ ಕಲಿತವರು. ಹಾಗಾಗಿ ಅವರಿಗೆ ಪುಸ್ತಕದ ಕನ್ನಡವೇ ಕನ್ನಡ. ಇವತ್ತು ಬೆಂಚಿನಲ್ಲಿ ಕೂತ ಮಕ್ಕಳಲ್ಲಿ ಬಹಳಷ್ಟು ಕಲಬುರಗಿ, ಯಾದಗಿರಿ, ವಿಜಯಪುರದವರು. ಕೆಲವರ ಮನೆಮಾತು ಲಂಬಾಣಿ. ಈ ಅಂತರ ಟೀಚರ್‌ಗೆ ತನ್ನ ಬಗ್ಗೆ ಗೊತ್ತಿರಬೇಕಾದ ಮೊದಲ ಸಂಗತಿ ಅಂತ ನನ್ನ ಅಭಿಪ್ರಾಯ.

ನಮ್ಮ ಮುಂಬಯಿಯಿಂದ ದೂರವೇನಲ್ಲ, ಡಹಾಣೂ ಹತ್ತಿರ ಕೋಸಬಾಡ್ ಇದೆ. ತಾರಾಬಾಯಿ ಮೋಡಕ್, ಅನುತಾಯಿ ವಾಘ್ 1945ರಲ್ಲಿ ಬೋರ್ಡಿಯಲ್ಲಿ ಚಿಕ್ಕ ಮಕ್ಕಳ ಶಾಲೆಯ ಕೆಲಸ ಶುರು ಮಾಡಿ, 1957ರಲ್ಲಿ ಕೋಸಬಾಡ್‌ಗೆ ಹೋದರು. ಆದಿವಾಸಿ ಮಕ್ಕಳು ಶಾಲೆಗೆ ಬರುತ್ತಿರಲಿಲ್ಲ. ಬರದ ಮಕ್ಕಳನ್ನು ಬೈಯುವ ಬದಲು ಇವರು ಶಾಲೆಯನ್ನೇ ಮನೆಯಂಗಳಕ್ಕೆ ಒಯ್ದರು. ದನ ಮೇಯಿಸುವ ಮಕ್ಕಳಿಗೆ ಹುಲ್ಲುಗಾವಲಿನಲ್ಲೇ ಪಾಠ. "ನಮ್ಮ ರೀತಿಯಲ್ಲಿ ಏನಿದೆ, ಮಗು ದೂರ ನಿಲ್ಲಲು?" ಅನ್ನುವ ಪ್ರಶ್ನೆಯನ್ನು ಮೊದಲು ತಮಗೇ ಹಾಕಿಕೊಂಡವರು ಮಾತ್ರ ಇಂಥದ್ದು ಮಾಡಬಲ್ಲರು. ನಾನು ಅಲ್ಲಿಗೆ ಹೋಗಿ ನೋಡಿದ್ದೇನೆ. ಆಗುವವರು ಒಮ್ಮೆ ಹೋಗಿ ಬನ್ನಿ.

ಫೋರ್ಟ್ ರಾತ್ರಿಶಾಲೆ

ಹಗಲು ಹೋಟೆಲಿನಲ್ಲಿ ಕೆಲಸ, ಸಂಜೆ ರಾತ್ರಿಶಾಲೆ. ಮುಂಬಯಿಯಲ್ಲಿ ನನ್ನಂಥವರು ಸಾವಿರಾರು ಜನ ಹೀಗೇ ಮೆಟ್ರಿಕ್ ಮಾಡಿದ್ದು. ನಮಗೆ ಕನ್ನಡ ಹೇಳುತ್ತಿದ್ದ ಸರ್ ಬಗ್ಗೆ ಬರೆಯುತ್ತೇನೆ.

ಅವರು ಉಕ್ತಲೇಖನ ಕೊಡುತ್ತಿದ್ದರು. ಬೆಳಗ್ಗೆ ಐದರಿಂದ ಸೋಡಾ ನೀರಿನಲ್ಲಿ ಕಪ್ಪು ಬಸಿ ತೊಳೆದು ನಮ್ಮ ಬೆರಳ ತುದಿ ಸುಕ್ಕುಗಟ್ಟಿರುತ್ತಿತ್ತು, ಚರ್ಮ ಬಿರಿದಿರುತ್ತಿತ್ತು. ಪೆನ್ನು ನಿಲ್ಲುವುದಿಲ್ಲ. ನಾವು ಹಿಂದೆ ಬೀಳುತ್ತಿದ್ದೆವು. ಬೇರೆಯವರಾಗಿದ್ದರೆ ಸೋಮಾರಿಗಳು ಅನ್ನುತ್ತಿದ್ದರು. ಒಂದು ರಾತ್ರಿ ಅವರು ಓದುವುದನ್ನು ನಿಲ್ಲಿಸಿ ನಮ್ಮ ಬೆಂಚುಗಳ ನಡುವೆ ಬಂದರು. ಒಬ್ಬನ ಕೈ ಹಿಡಿದು ನೋಡಿದರು. ಏನೂ ಹೇಳಲಿಲ್ಲ. ಮರುದಿನದಿಂದ ಒಂದು ವಾಕ್ಯ ಓದಿ, ತಾವೂ ಅದನ್ನು ಹಲಗೆಯ ಹಿಂಬದಿಯಲ್ಲಿ ಬರೆಯುತ್ತಿದ್ದರು. ತಮ್ಮ ಕೈ ಮುಗಿದ ಮೇಲೂ ನಿಲ್ಲುತ್ತಿದ್ದರು. ನಮ್ಮ ತಲೆಗಳು ಮೇಲೆದ್ದ ಮೇಲೆ ಮುಂದಿನ ವಾಕ್ಯ.

ಇನ್ನೊಂದು ರೂಢಿ ಇತ್ತು. ಹೊರಡುವ ಮೊದಲು "ಇವತ್ತು ಎಲ್ಲಿ ಕೈಬಿಟ್ಟು ಹೋಯಿತು?" ಅಂತ ಕೇಳುತ್ತಿದ್ದರು. ಮಾಲೀಕರ ಮುಂದೆ ಎದುರು ಮಾತಾಡಿ ಗೊತ್ತಿಲ್ಲದವರು ನಾವು, ಮೊದಮೊದಲು ಯಾರೂ ಹೇಳಲಿಲ್ಲ. ಆಮೇಲೆ ಒಬ್ಬ "ಹಳಗನ್ನಡ ಪದ್ಯದ ಎರಡನೇ ಸಾಲಿನಲ್ಲಿ ಬಿಟ್ಟುಹೋಯಿತು ಸರ್" ಅಂದ. ಮರುದಿನ ಪಾಠ ಅಲ್ಲಿಂದಲೇ ಶುರುವಾಯಿತು. ನಾವು ಹೇಳಿದ್ದಕ್ಕೆ ಬೆಲೆ ಇದೆ ಅಂತ ಆಗಲೇ ಗೊತ್ತಾದದ್ದು. ಅವರಿಗೆ ಬಿ.ಎಡ್. ಇತ್ತೋ ಇಲ್ಲವೋ ಗೊತ್ತಿಲ್ಲ. ನನ್ನ ಮಟ್ಟಿಗೆ ಅವರಿಗಿಂತ ದೊಡ್ಡ ಟೀಚರ್ ಇಲ್ಲ.

ಮಾಟುಂಗ ಕೌನ್ಸೆಲರ್

ಶಾಲೆಗಳಲ್ಲಿ ಮಕ್ಕಳ ಜೊತೆಗೂ ಟೀಚರ್‌ಗಳ ಜೊತೆಗೂ ಮಾತಾಡುವುದು ನನ್ನ ಕೆಲಸ. ಇಲ್ಲಿಯ ತನಕ ಕಣ್ಣು, ಕಿವಿ, ಬಾಯಿಯ ವಿಷಯ ಬಂತು. ಸಿಟ್ಟಿನ ವಿಷಯ ಯಾರೂ ಎತ್ತಿಲ್ಲ, ಅದಕ್ಕೆ ನಾನು ಬರೆಯುತ್ತೇನೆ.

ಬೆಳಗಿನ ಪಾಳಿಗೆ ಬರುವ ಟೀಚರ್‌ಗಳ ದಿನ ನಿಮಗೆ ಗೊತ್ತೇ ಇದೆ. ನಾಲ್ಕೂವರೆಗೆ ಎದ್ದು ಡಬ್ಬಿ ಕಟ್ಟಿ, ಕಲ್ಯಾಣದಿಂದಲೋ ವಿರಾರ್‌ನಿಂದಲೋ ನಿಂತೇ ಬಂದು, ಕುರ್ಲಾದಲ್ಲೋ ದಾದರ್‌ನಲ್ಲೋ ಗಾಡಿ ಬದಲಿಸಿ, ಓಡಿ ಬಂದು ಸಹಿ ಹಾಕುತ್ತಾರೆ. ಮೊದಲ ಪಿರಿಯಡ್‌ನಲ್ಲಿ ಒಂದು ಮಗು ಪುಸ್ತಕ ತಂದಿಲ್ಲ ಅನ್ನುತ್ತದೆ. ಆಗ ಬರುವ ಸಿಟ್ಟಿನಲ್ಲಿ ಪುಸ್ತಕದ ಪಾಲು ಸ್ವಲ್ಪ, ಲೋಕಲ್ ಗಾಡಿಯ ಪಾಲು ಜಾಸ್ತಿ. ಅದು ಗೊತ್ತಾದರೆ ಸಾಕು, ಸಿಟ್ಟು ಅರ್ಧ ಇಳಿಯುತ್ತದೆ. ಗೊತ್ತಾಗದಿದ್ದರೆ ಪೂರ್ತಿ ಆ ಮಗುವಿನ ಮೇಲೆ ಬೀಳುತ್ತದೆ. ಮಕ್ಕಳಿಗೆ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ನಿಷೇಧಿಸಿದೆ. ಬೆತ್ತ ಹೆಚ್ಚಿನ ಕಡೆ ಹೋಗಿದೆ. ನಾಲಿಗೆಯ ಪೆಟ್ಟು ಇನ್ನೂ ಇದೆ.

ಸಿಟ್ಟು ಬಾಯಿಗೆ ಬರುವ ಮೊದಲು ಮೈಗೆ ಬರುತ್ತದೆ. ಒಬ್ಬ ಟೀಚರ್‌ಗೆ ದವಡೆ ಬಿಗಿಯುತ್ತದೆ. ಇನ್ನೊಬ್ಬರಿಗೆ ಕಿವಿ ಬಿಸಿಯಾಗುತ್ತದೆ. ಒಬ್ಬರು ಡಸ್ಟರ್‌ನಿಂದ ಮೇಜು ಕುಟ್ಟಲು ಶುರು ಮಾಡುತ್ತಾರೆ, ಕುಟ್ಟುತ್ತಿರುವುದು ಅವರಿಗೇ ಗೊತ್ತಿರುವುದಿಲ್ಲ. ನಿಮ್ಮ ಗುರುತು ಯಾವುದು ಅಂತ ಕಂಡುಕೊಳ್ಳಿ. ಅದು ಬಂದಾಗ ಹಲಗೆಯ ಕಡೆ ತಿರುಗಿ ಪಾಠದ ತಲೆಬರಹ ನಿಧಾನವಾಗಿ ಬರೆಯಿರಿ. ಮತ್ತೆ ತಿರುಗಿದಾಗ ಮಾತಾಡಿ.

ಜೇಕಬ್ ಕೌನಿನ್ ಅಂತ ಒಬ್ಬರು ಮನಶ್ಶಾಸ್ತ್ರಜ್ಞರು ಇದ್ದರು. ಕಾಲೇಜಿನಲ್ಲಿ ಪಾಠ ಮಾಡುವಾಗ ಪತ್ರಿಕೆ ಓದುತ್ತಿದ್ದ ಒಬ್ಬ ವಿದ್ಯಾರ್ಥಿಯನ್ನು ಗದರಿದರು. ಅವನಿಗಿಂತ ಹೆಚ್ಚಾಗಿ ಸುತ್ತ ಇದ್ದವರು ಬದಲಾದದ್ದು ಅವರ ಕಣ್ಣಿಗೆ ಬಿತ್ತು. ಎಲ್ಲರೂ ತಲೆ ತಗ್ಗಿಸಿ ಬರೆಯಲು ಶುರು. ಅಲ್ಲಿಂದ ವರ್ಷಗಟ್ಟಲೆ ತರಗತಿಗಳನ್ನು ವಿಡಿಯೋ ಮಾಡಿ ನೋಡಿ 1970ರಲ್ಲಿ ಪ್ರಕಟಿಸಿದರು. ಹೇಗೆ ಗದರಿದರು ಅನ್ನುವುದರಿಂದ ತರಗತಿ ಚೆನ್ನಾಗಿ ನಡೆಯುತ್ತದೋ ಇಲ್ಲವೋ ಅಂತ ಹೇಳಲಾಗುವುದಿಲ್ಲ ಅಂತ ಗೊತ್ತಾಯಿತು. ಫರಕು ಮಾಡುವುದು ಕೋಣೆಯ ಎಲ್ಲ ಮೂಲೆಯಲ್ಲಿ ಏನು ನಡೆಯುತ್ತಿದೆ ಅಂತ ಟೀಚರ್‌ಗೆ ಗೊತ್ತಿರುವುದು, ಗೊತ್ತಿದೆ ಅಂತ ಮಕ್ಕಳಿಗೆ ಕಾಣುವುದು. ಸಯನ್‌ನ ಅವ್ವ ಹೇಳಿದ ನಗುವೂ ಹಾಗೆಯೇ. ಒಬ್ಬ ಹುಡುಗನ ಮೇಲೆ ನಕ್ಕರೆ ಅವನಂತೆ ಮಾತಾಡುವ ಎಲ್ಲ ಮಕ್ಕಳೂ ಬಾಯಿ ಮುಚ್ಚುತ್ತಾರೆ.

ಡೊಂಬಿವಲಿ ಸರ್ ಸಂಕಟಕ್ಕೂ ಒಂದು ಮಾತು. ತನ್ನನ್ನು ಗಮನಿಸುವುದು ಬೇರೆ, ತನ್ನನ್ನು ಬೈದುಕೊಳ್ಳುವುದು ಬೇರೆ. ನನ್ನ ಹತ್ತಿರ ಬರುವ ಎಷ್ಟೋ ಟೀಚರ್‌ಗಳು ರಾತ್ರಿ ಮಲಗುವಾಗ ಬರೀ ತಪ್ಪುಗಳ ಪಟ್ಟಿ ಮಾಡುತ್ತಾರೆ. ಅದರಿಂದ ಯಾವ ಮಗುವಿಗೂ ಲಾಭವಿಲ್ಲ. "ಪಾಠ ಎಲ್ಲಿ ಹಿಡಿಸಿತು, ಯಾರ ಮುಖ ಅರಳಿತು" ಅಂತಲೂ ಬರೆದಿಡಿ. ನಿಮಗೆ ಚೆನ್ನಾಗಿ ಬರುವುದು ಏನು ಅಂತ ಗೊತ್ತಿಲ್ಲದಿರುವುದೂ ತನ್ನನ್ನು ಅರಿಯದಿರುವುದೇ.

ಡೊಂಬಿವಲಿ ಗಣಿತ

ಮೇಡಂ, ಕೊನೆಯ ಮಾತಿಗೆ ಧನ್ಯವಾದ.

ಬಿ.ಎಡ್. ಹುಡುಗಿ ಹೇಳಿದ ಐದು ನಿಮಿಷದ ಲೆಕ್ಕ ಮಾಡಿ ನೋಡಿದೆ. ವರ್ಗ ಸಮೀಕರಣ, ಅಪವರ್ತನ ಮಾಡುವ ಪಾಠ. ಕೇಳುವಾಗ ಒಂದು ವಿಷಯ ಎದ್ದು ಕಂಡಿತು. ಪ್ರತಿ ಹೆಜ್ಜೆಗೂ "ಅರ್ಥವಾಯ್ತಾ?" ಅಂತ ಕೇಳುತ್ತೇನೆ, ಎಲ್ಲರೂ ಒಟ್ಟಿಗೆ "ಹೌದು ಸರ್" ಅನ್ನುತ್ತಾರೆ. ಅದರಿಂದ ನನಗೆ ಏನೂ ತಿಳಿಯುವುದಿಲ್ಲ. ಈಗ ನಡುವಿನ ಪದವನ್ನು ಒಡೆಯುವ ಹೆಜ್ಜೆ ಬಂದಾಗ ನಿಲ್ಲಿಸಿ, "ಮುಂದಿನದು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆಯಿರಿ" ಅನ್ನುತ್ತೇನೆ. ಬೆಂಚುಗಳ ನಡುವೆ ಒಂದು ಸುತ್ತು ಹಾಕುತ್ತೇನೆ. ಋಣ ಚಿಹ್ನೆಯಲ್ಲಿ ಯಾರ್‍ಯಾರು ಜಾರುತ್ತಾರೆ ಅಂತ ಒಂದೇ ಸುತ್ತಿನಲ್ಲಿ ಕಾಣುತ್ತದೆ. ಸಮಯ ಅಂದುಕೊಂಡಷ್ಟು ಹೋಗಲಿಲ್ಲ. ಮತ್ತೆ ಮೊದಲಿನಿಂದ ಹೇಳಿಕೊಡುವುದು ತಪ್ಪಿತು.

ಆದರೂ ಜನವರಿ ಬಂದ ಮೇಲೆ ಹತ್ತನೇ ತರಗತಿಯಲ್ಲಿ ಇದು ನಡೆಯುವುದಿಲ್ಲ, ಬೋರ್ಡ್ ಪರೀಕ್ಷೆ ತಲೆಯ ಮೇಲಿರುತ್ತದೆ. ಜೂನ್‌ನಿಂದ ದೀಪಾವಳಿ ತನಕ ಮಾಡಬಹುದು. ರಾತ್ರಿಶಾಲೆಯ ಸರ್ ಥರ ಮಕ್ಕಳನ್ನೇ ಕೇಳುವುದರ ಬಗ್ಗೆ ನನಗೆ ಅನುಮಾನ ಇದೆ. ನಮ್ಮ ಮಕ್ಕಳು ಗುರುಗಳ ಮುಖ ನೋಡಿ ನಿಜ ಹೇಳುತ್ತಾರಾ?

ಮುಲುಂಡ್ ಮಾಸ್ತರ್ (ನಿವೃತ್ತ)

ಏನು ಕೇಳುತ್ತೀರಿ ಅನ್ನುವುದರ ಮೇಲಿದೆ ಸರ್. "ನಾನು ಹೇಗೆ ಪಾಠ ಮಾಡುತ್ತೇನೆ?" ಅಂದರೆ "ಚೆನ್ನಾಗಿ ಮಾಡುತ್ತೀರಿ ಸರ್" ಅಂತಲೇ ಬರುತ್ತದೆ, ಪಾಪ ಇನ್ನೇನು ಹೇಳಿಯಾರು. ಆ ರಾತ್ರಿಶಾಲೆಯ ಸರ್ ತಮ್ಮ ಬಗ್ಗೆ ಕೇಳಲಿಲ್ಲ, ಪಾಠದ ಬಗ್ಗೆ ಕೇಳಿದರು. ಎಲ್ಲಿ ಬಿಟ್ಟುಹೋಯಿತು ಅಂತ. ಅದಕ್ಕೆ ಮಗು ಹೆದರಬೇಕಾಗಿಲ್ಲ. ಹೆಸರಿಲ್ಲದ ಚೀಟಿ ಕೊಟ್ಟರೆ ಇನ್ನೂ ಒಳ್ಳೆಯದು.

ವಿಕ್ರೋಲಿ ಟೀಚರ್, ನಿಮ್ಮ ಮೊದಲ ಪ್ರಶ್ನೆಗೆ ಇನ್ನೊಂದು ದಾರಿ ಹೊಳೆಯಿತು. ನಮ್ಮ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ಎಷ್ಟೋ ಕಡೆ ಒಂದೇ ಕಟ್ಟಡದಲ್ಲಿ ಕೆಳಗೆ ಮರಾಠಿ, ಮೇಲೆ ಉರ್ದು, ಅದರ ಮೇಲೆ ಕನ್ನಡ, ತಮಿಳು, ತೆಲುಗು. ನಾನು ಒಮ್ಮೆ ಪಕ್ಕದ ತಮಿಳು ತರಗತಿಯಲ್ಲಿ ಕೂತಿದ್ದೆ. ನನಗೆ ತಮಿಳು ಬರುವುದಿಲ್ಲ. ಪಾಠ ಅರ್ಥವಾಗದ್ದರಿಂದ ಕಣ್ಣಿಗೆ ಬೇರೆ ಎಲ್ಲ ಕಂಡಿತು. ಅವರ ನೋಟ ಎಡಸಾಲಿಗೆ ಎಷ್ಟು ಸಲ ಹೋಯಿತು, ಹುಡುಗಿಯರ ಕಡೆ ಎಷ್ಟು ಸಲ, ಯಾವ ಮಗು ಕೈ ಎತ್ತಿ ಇಳಿಸಿತು, ಎಲ್ಲ. ನಮ್ಮ ಭಾಷೆಯ ಪಾಠವಾದರೆ ನಾವು ವಿಷಯದಲ್ಲಿ ತಪ್ಪು ಹುಡುಕುತ್ತ ಕೂರುತ್ತೇವೆ. ಭಾಷೆ ಬಾರದವರು ಬಂದು ಕೂತರೆ ನಿಮ್ಮ ಪಾಠದ ಬಗ್ಗೆ ತೀರ್ಪು ಕೊಡಲಾರರು, ಕಂಡದ್ದನ್ನು ಮಾತ್ರ ಹೇಳಬಲ್ಲರು. ಸಂಕೋಚವೂ ಕಡಿಮೆ.

ವಿಕ್ರೋಲಿ ಟೀಚರ್

ಮಾಸ್ತರ್ರೇ, ಇದು ನಮಗೆ ಆಗುವಂಥದ್ದು! ನಮ್ಮ ಕಟ್ಟಡದ ಎರಡನೇ ಮಹಡಿಯಲ್ಲಿ ತೆಲುಗು ಮಾಧ್ಯಮ ಇದೆ. ಅಲ್ಲಿಯ ಮೇಡಂ ಜೊತೆ ಮಾತಾಡಿದೆ. ಅವರ ಮೂರನೇ ಪಿರಿಯಡ್ ಖಾಲಿ ಇರುವ ದಿನ ನನ್ನ ತರಗತಿಗೆ ಬರುತ್ತಾರೆ, ನನ್ನ ಖಾಲಿ ಪಿರಿಯಡ್‌ನಲ್ಲಿ ನಾನು ಅವರ ತರಗತಿಗೆ. ಇಬ್ಬರೂ ಮಾತಾಡುವುದು ಮರಾಠಿಯಲ್ಲಿ. ಮುಖ್ಯೋಪಾಧ್ಯಾಯರಿಗೆ ಹೇಳಿ ಒಪ್ಪಿಗೆ ಪಡೆದಿದ್ದೇವೆ.

ನೋಡಿದ್ದನ್ನು ಸ್ಟಾಫ್‌ರೂಮಿನಲ್ಲಿ ಬೇರೆ ಯಾರಿಗೂ ಹೇಳಬಾರದು ಅಂತ ಮಾತಾಗಿದೆ. ಬರೆದ ಕಾಗದ ಯಾರ ತರಗತಿಯೋ ಅವರ ಕೈಗೇ ಹೋಗಬೇಕು.

ಫೋನ್ ರೆಕಾರ್ಡಿಂಗ್ ಮಾಡುವವರಿಗೆ ಒಂದು ಕೋರಿಕೆ. ದನಿ ಮಾತ್ರ ಹಿಡಿಯಿರಿ, ವಿಡಿಯೋ ಬೇಡ. ಮಕ್ಕಳ ದನಿ ಯಾವ ವಾಟ್ಸಾಪ್ ಗುಂಪಿಗೂ ಹೋಗಬಾರದು. ಯಾಕೆ ಹಿಡಿಯುತ್ತಿದ್ದೀರಿ ಅಂತ ಮಕ್ಕಳಿಗೂ ಹೇಳಿ, ಕೇಳಿದ ಮೇಲೆ ಅಳಿಸಿಬಿಡಿ.

ಥಾಣೆ ಬಿ.ಎಡ್.

ಟೀಚರ್, ತೆಲುಗು ಮೇಡಂ ಕೈಗೆ ಏನು ಕೊಡುತ್ತೀರಿ? ಸುಮ್ನೆ ನೋಡಿ ಅಂದರೆ ಏನು ನೋಡಬೇಕು ಅಂತ ಅವರಿಗೆ ತಿಳಿಯಬೇಕಲ್ಲ.

ವಿಕ್ರೋಲಿ ಟೀಚರ್

ಬೆಂಚುಗಳ ನಕ್ಷೆ ಬರೆದ ಒಂದು ಹಾಳೆ, ಒಂದೊಂದು ಮಗುವಿಗೆ ಒಂದೊಂದು ಚೌಕ. ಹೆಸರು ಬರೆದಿಲ್ಲ. ನಾನು ಕೇಳಿದ ಮಗುವಿನ ಚೌಕದಲ್ಲಿ ಒಂದು ಗೆರೆ, ಕೈ ಎತ್ತಿಯೂ ನಾನು ನೋಡದ ಮಗುವಿಗೆ ಒಂದು ಚುಕ್ಕೆ. ಮೊದಲ ಸಲಕ್ಕೆ ಇಷ್ಟೇ ಸಾಕು ಅಂದುಕೊಂಡಿದ್ದೇವೆ. ಕಾಯುವ ಸೆಕೆಂಡುಗಳ ಲೆಕ್ಕ ಮುಂದಿನ ಸಲ. ನಿನಗೆ ಬೇಕಾದರೆ ಹಾಳೆಯ ಫೋಟೋ ಕಳಿಸುತ್ತೇನೆ, ನಿನ್ನ ಅಭ್ಯಾಸ ಪಾಠದ ತರಗತಿಯ ಬೆಂಚು ಹೇಗಿವೆ ಅಂತ ನೋಡಿ ಬದಲಿಸಿಕೋ.